ಆಲೆಮನೆಯಲ್ಲಿ ಸಹಾಯಾರ್ಥ ಔತಣ: ಅಲಂಕಾರಕ್ಕೆ ಯಾರಾದರೂ ದಾರಿ ಹೇಳ್ತೀರಾ?

ಕುವೆಂಪುನಗರದವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವೊಂದಷ್ಟು ಜನ ಒಂದೇ ಸರ್ಕಾರಿ ಹೈಸ್ಕೂಲಲ್ಲಿ ಓದಿದವರು. ಈಗ ಮೈಸೂರು, ಬೆಂಗಳೂರು ಅಂತ ಚೆದುರಿಹೋಗಿದ್ದೀವಿ. ಮಂಡ್ಯ ಜಿಲ್ಲೆಯ ಪಾಂಡವಪುರದ ಕಡೆ ಕಬ್ಬು ಕಡಿಯೋಕೆ ಹೊರಜಿಲ್ಲೆಗಳಿಂದ ಕುಟುಂಬಗಳು ಬರ್ತವಲ್ಲ, ಅವರ ಮಕ್ಕಳು ಸೀಸನ್ ಪೂರ್ತಿ ಗದ್ದೆ ಬದುವಿನ ಮೇಲೇ ಇರ್ತಾರೆ. ಆ ಮಕ್ಕಳಿಗೆ ಸಂಜೆ ಪಾಠ, ಒಂದು ಹೊತ್ತು ಊಟ, ಒಬ್ಬ ಟೀಚರ್ ಸಂಬಳ, ಇಷ್ಟಕ್ಕೆ ದುಡ್ಡು ಕೂಡಿಸಬೇಕು. ಟಿಕೆಟ್ ಇಟ್ಟು ಒಂದು ಸಂಜೆ ಊಟದ ಕಾರ್ಯಕ್ರಮ ಮಾಡೋಣ ಅಂತ ತೀರ್ಮಾನ ಆಗಿದೆ.

ಮೈಸೂರಿನ ಹೋಟೆಲ್ ಹಾಲ್ ಬಾಡಿಗೆ ಕೇಳಿ ಬಾಯಿ ಮುಚ್ಚಿಕೊಂಡ್ವಿ. ಆಗ ನಮ್ಮಲ್ಲೊಬ್ಬನ ದೊಡ್ಡಪ್ಪ, "ನಮ್ಮ ಆಲೆಮನೇಲೇ ಮಾಡ್ರೋ, ಬಾಡಿಗೆ ಯಾರಿಗೆ ಬೇಕು" ಅಂದ್ರು. ಕಬ್ಬು ಅರೆದು ಬೆಲ್ಲ ಕಾಯಿಸೋ ಆ ಜಾಗಕ್ಕೆ ಹೋಗಿ ನೋಡಿದೆ. ಕಲ್ಲುಕಂಬ, ಮೇಲೆ ಶೀಟು, ಮೂರು ಕಡೆ ಗೋಡೆ ಇಲ್ಲ, ಪಕ್ಕದಲ್ಲಿ ನಾಲ್ಕು ತೆಂಗಿನಮರ, ಹಿಂದೆ ಕಬ್ಬಿನ ಗದ್ದೆ. ನನಗಂತೂ ಮನಸ್ಸು ಅಲ್ಲೇ ನಿಂತಿತು. ನೂರೈವತ್ತು ಜನ, ಟಿಕೆಟ್ 2,500 ರೂಪಾಯಿ, ಅಲಂಕಾರಕ್ಕೆ ಒಂದೂವರೆ ಲಕ್ಷ ಮೀರಬಾರದು.

ಜಗಳ ಈಗ ಶುರುವಾಗಿದೆ. ಬೆಂಗಳೂರಿನ ಗೆಳೆಯರಿಗೆ "ಅರಮನೆ ದರ್ಬಾರು" ಥೀಮ್ ಬೇಕಂತೆ. ಬಂಗಾರದ ಬಣ್ಣದ ಕಮಾನು, ಥರ್ಮಕೋಲ್ ಕಂಬ, ಕೆಂಪು ಜಮಖಾನ, ಬಾಗಿಲಲ್ಲಿ ಪೇಟ ಕಟ್ಟಿದ ಇಬ್ಬರು. ಟಿಕೆಟ್ ದುಡ್ಡಿಗೆ ತಕ್ಕ ಮೆರುಗು ಇರಬೇಕು ಅನ್ನೋದು ಅವರ ವಾದ. ನನಗೆ ಸುಗ್ಗಿಯ ಥರ ಏನಾದ್ರೂ ಆಗಲಿ ಅನ್ನಿಸುತ್ತೆ, ಆದರೆ ಹೇಗೆ ಅಂತ ವಿವರಿಸೋಕೆ ಬರಲ್ಲ. ಮಸಿ ಹಿಡಿದ ಮಾಡು, ಜಿಗಿಜಿಗಿ ನೆಲ, ಇರುವೆ, ಇದನ್ನೆಲ್ಲ ಏನು ಮಾಡೋದು? ಸಂಕ್ರಾಂತಿ ಆಸುಪಾಸಿನ ಒಂದು ಶನಿವಾರ ಅಂದುಕೊಂಡಿದ್ದೀವಿ.

---

ಗುತ್ತಲು ರಸ್ತೆ ಬರೆದದ್ದು:

ಅಲಂಕಾರ ಆಮೇಲೆ ಮಾಡಿ ಮೇಡಂ. ನೂರೈವತ್ತು ಜನಕ್ಕೆ ಶೌಚಾಲಯ ಎಲ್ಲಿದೆ? ಆಲೆಮನೇಲಿ ಇರೋದು ಒಂದು ಬೋರ್‌ವೆಲ್ಲು, ಹಿಂದೆ ಪೂರ್ತಿ ಬಯಲು. ಬಾಡಿಗೆಗೆ ಸಿಗೋ ಮೊಬೈಲ್ ಶೌಚಾಲಯ ಹೆಂಗಸರಿಗೆ ನಾಲ್ಕು, ಗಂಡಸರಿಗೆ ಎರಡು, ಜೊತೆಗೊಂದು ನೀರಿನ ಟ್ಯಾಂಕರ್ ಮೊದಲು ಬರೆದುಕೊಳ್ಳಿ. ಅಲ್ಲಿಗೆ ಹೋಗೋ ದಾರಿಗೆ ಲೈಟು ಕೂಡ.

ಇನ್ನೊಂದು. ಜಾಗ ನಾಲೆ ಏರಿ ಪಕ್ಕ ಇದ್ದರೆ ರಾತ್ರಿ ಹೊತ್ತು ಮೈಸೂರಿನ ಕಾರುಗಳನ್ನ ಆ ಏರಿ ಮೇಲೆ ಬಿಡಬೇಡಿ. 2018ರಲ್ಲಿ ಕನಗನಮರಡಿ ಹತ್ತಿರ ಹಾಡಹಗಲೇ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಹೋದರು, ಈ ಕಡೆಯವರು ಯಾರೂ ಮರೆತಿಲ್ಲ. ಊರ ಮುಂದಿನ ಬಯಲಲ್ಲಿ ಕಾರು ನಿಲ್ಲಿಸಿಸಿ, ಅಲ್ಲಿಂದ ಟ್ರಾಕ್ಟರ್ ಟ್ರೇಲರಿಗೆ ಬೆಂಚು ಕಟ್ಟಿ ನಿಧಾನಕ್ಕೆ ಕರ್ಕೊಂಡು ಬನ್ನಿ. ಪೇಟೆ ಜನಕ್ಕೆ ಅದೇ ಒಂದು ಖುಷಿ.

---

ಚಪ್ಪರದಕ್ಕ ಬರೆದದ್ದು:

ಮೇಲಿನ ಅಣ್ಣ ಹೇಳಿದ್ದು ಸರಿ, ಅದನ್ನ ಮೊದಲು ಮುಗಿಸಿ. ನಾನು ಮೈಸೂರಲ್ಲಿ ಮದುವೆ, ಗೃಹಪ್ರವೇಶ, ಶಾಲೆ ವಾರ್ಷಿಕೋತ್ಸವಕ್ಕೆ ಚಪ್ಪರ, ಹೂವಿನ ಕೆಲಸ ಮಾಡಿಸೋಳು. ನಮ್ಮನೆಯವರದ್ದು ಶಾಮಿಯಾನ, ನನ್ನದು ಹೂವು. ಸ್ವಲ್ಪ ಉದ್ದ ಬರೀತೀನಿ, ಬೇಜಾರಾಗಬೇಡಿ.

ಅರಮನೆ ಥೀಮಿನ ಬಗ್ಗೆ ಮೊದಲು. ನಿಮ್ಮ ಗೆಳೆಯರಿಗೆ ಹೀಗೆ ಹೇಳಿ ತಾಯಿ: ಮೈಸೂರಲ್ಲಿ ನಿಜವಾದ ಅರಮನೆ ಇದೆ, 1912ರಿಂದ ನಿಂತಿದೆ, ಭಾನುವಾರ ಸಂಜೆ ಹೆಚ್ಚುಕಮ್ಮಿ ಒಂದು ಲಕ್ಷ ಬಲ್ಬು ಹತ್ತಿಸ್ತಾರೆ. ಅದನ್ನ ನೋಡಿ ಬೆಳೆದ ಜನದ ಮುಂದೆ ಒಂದೂವರೆ ಲಕ್ಷದಲ್ಲಿ ಅರಮನೆ ಕಟ್ಟಿದರೆ ನಾಟಕದ ಪರದೆ ಥರ ಕಾಣುತ್ತೆ. ಅದೂ ಅಲ್ಲದೆ ಅಲಂಕಾರದ ಥರ್ಮಕೋಲು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ, ಬಲೂನಿನ ಕಡ್ಡಿ ಎಲ್ಲ ಅದೇ ಪಟ್ಟಿಯಲ್ಲಿವೆ. ಮಕ್ಕಳ ಹೆಸರಲ್ಲಿ ದುಡ್ಡು ಎತ್ತುವಾಗ ಅಂಥದ್ದನ್ನ ತಂದು ನಿಲ್ಲಿಸಬೇಡಿ.

ನನ್ನ ಮಾತು ಒಂದೇ. ಆಲೆಮನೆಯನ್ನ ಮುಚ್ಚಬೇಡಿ. ಅಲ್ಲಿ ನಡೆಯೋ ಕೆಲಸ ಕಾಣೋ ಹಾಗೆ ಮಾಡೋದೇ ನಿಮ್ಮ ಅಲಂಕಾರ. ಹೋಟೆಲ್ ಹಾಲಿಗೆ ಹೋದರೆ ಬರೀ ಗೋಡೆ ಇರುತ್ತೆ, ಅದಕ್ಕೆ ಬಟ್ಟೆ ಹೊದಿಸ್ತೀವಿ. ನಿಮ್ಮಲ್ಲಿ ಗಾಣ ಇದೆ, ಕೊಪ್ಪರಿಗೆ ಇದೆ, ಒಲೆ ಇದೆ, ಹಬೆ ಇದೆ, ವಾಸನೆ ಇದೆ. ಆ ವಾಸನೆಗೆ ಎಷ್ಟು ದುಡ್ಡು ಕೊಟ್ಟರೂ ಬೆಂಗಳೂರಿನ ಡೆಕೋರೇಟರ್ ತರೋಕಾಗಲ್ಲ.

ಬಣ್ಣವನ್ನೂ ಅಲ್ಲಿಂದಲೇ ತಗೊಳ್ಳಿ. ಮಸಿಯ ಕಪ್ಪು, ಬೆಲ್ಲದ ಹೊಂಬಣ್ಣ, ಕಬ್ಬಿನ ಸೋಗೆಯ ಹಸಿರು. ಬಿಳಿ ಬಟ್ಟೆ ಕಣ್ಣೆತ್ತಿಯೂ ನೋಡಬೇಡಿ, ಸಂಜೆ ಆರಕ್ಕೆ ಕಟ್ಟಿದ್ದು ಏಳಕ್ಕೆ ಬೂದಿ ಬಣ್ಣ. ಮಾಡಿನಿಂದ ಮಸಿ ಉದುರುತ್ತೆ, ಊಟದ ಮೇಜಿನ ಮೇಲ್ಗಡೆ ಮಾತ್ರ ಬಿಳುಪು ಮಾಡದ ಕೋರಾ ಬಟ್ಟೆ ಜೋಲಾಡಿಸಿ ಕಟ್ಟಿ. ಕೊಪ್ಪರಿಗೆ ಮೇಲೆ ಕಟ್ಟಬೇಡಿ, ಹಬೆ ಹೋಗೋಕೆ ದಾರಿ ಬೇಕು, ಬಟ್ಟೆಗೆ ಬೆಂಕಿ ಭಯ ಬೇರೆ. ಮೇಜಿನ ಮೇಲೆ ಹಾಸೋಕೆ ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲದ ನೇಕಾರರ ಹತ್ತಿರ ಹತ್ತಿ ಸೀರೆ ಕೇಳಿ ನೋಡಿ. ಅರಿಶಿನ, ಕಂದು, ಎಲೆ ಹಸಿರು. ಕಾರ್ಯಕ್ರಮ ಮುಗಿದ ಮೇಲೆ ಅದೇ ಸೀರೆಗಳನ್ನ ಹರಾಜಿಗಿಡಿ. ಬಾಡಿಗೆ ಟೇಬಲ್ ಕ್ಲಾತಿಗೆ ಕೊಡೋ ದುಡ್ಡು ಕಳೆದುಹೋಗುತ್ತೆ, ಇದು ವಾಪಸ್ ಬರುತ್ತೆ.

ಬಾಗಿಲಿಗೆ ಕಮಾನು ಯಾಕೆ ಬಾಡಿಗೆ ತರ್ತೀರಿ? ಸೋಗೆ ಸಮೇತ ಎರಡಾಳುದ್ದದ ಕಬ್ಬಿನ ಜಲ್ಲೆ ಎರಡೂ ಕಡೆ ನಿಲ್ಲಿಸಿ ತುದಿ ಕಟ್ಟಿದರೆ ಆಯ್ತು. ಬೆಳಗ್ಗೆ ಕಡಿಸಬೇಡಿ, ಮಧ್ಯಾಹ್ನ ಮೂರರ ಮೇಲೆ ಕಡಿಸಿ, ಇಲ್ಲದಿದ್ದರೆ ಸೋಗೆ ಸುರುಟಿಕೊಳ್ಳುತ್ತೆ. ಅದಕ್ಕೆ ಮಾವಿನಸೊಪ್ಪು, ಎರಡು ಗೊನೆ ಬಾಳೆ, ಕೆಳಗೆ ದೊಡ್ಡ ರಂಗೋಲಿ. ರಂಗೋಲಿಯನ್ನ ಊರಿನ ಹೆಣ್ಣುಮಕ್ಕಳೇ ಬಿಡಿಸಲಿ, ನಮ್ಮವರಿಗಿಂತ ಚೆನ್ನಾಗಿ ಬಿಡಿಸ್ತಾರೆ.

ಹೂವು ಜಾಸ್ತಿ ಬೇಡ. ಚೆಂಡುಹೂವು, ಸೇವಂತಿಗೆ ಸಾಕು. ಇಲ್ಲೊಂದು ಲೆಕ್ಕಾಚಾರ ಇದೆ ನೋಡಿ. ಸಂಕ್ರಾಂತಿಗೆ ಎರಡು ದಿನ ಮುಂಚೆ ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಬೆಲೆ ಕೇಳೋ ಹಾಗಿರಲ್ಲ, ಹಬ್ಬ ಕಳೆದ ಮಾರನೇ ದಿನ ಇಳಿಯುತ್ತೆ. ಶಾಮಿಯಾನದ್ದು ಉಲ್ಟಾ. ಧನುರ್ಮಾಸದಲ್ಲಿ ಮದುವೆ ಇಲ್ಲ, ಮೇಜು ಕುರ್ಚಿ ಗೋಡೌನಲ್ಲಿ ಸುಮ್ಮನೆ ಬಿದ್ದಿರುತ್ತೆ, ಕೇಳಿದ ರೇಟಿಗೆ ಕೊಡ್ತೀವಿ. ಸಂಕ್ರಾಂತಿ ಆದ ಮೇಲೆ ಮದುವೆ ಸೀಸನ್, ಯಾರೂ ಕೈಗೆ ಸಿಗಲ್ಲ. ನಿಮ್ಮ ಕಾರ್ಯಕ್ರಮದಲ್ಲಿ ಹೂವು ಕಮ್ಮಿ, ಮೇಜು ಕುರ್ಚಿ ಜಾಸ್ತಿ. ಅದಕ್ಕೇ ಜನವರಿ ಮೊದಲ ಶನಿವಾರ ಇಟ್ಟುಕೊಳ್ಳಿ ಅಂತೀನಿ. ಚಳಿ ಇರುತ್ತೆ, ಒಲೆ ಇದೆಯಲ್ಲ. ಇಬ್ಬನಿಗೆ ತೆರೆದ ಜಾಗದ ಬಟ್ಟೆ ಎಂಟು ಗಂಟೆಗೆಲ್ಲ ತೇವ ಆಗುತ್ತೆ, ಆದ್ದರಿಂದ ಮೇಜುಗಳು ಮಾಡಿನ ಕೆಳಗೇ ಇರಲಿ.

ದೀಪ. ಇದಕ್ಕೆ ಬಜೆಟ್ಟಿನಲ್ಲಿ ಅರ್ಧ ಇಡಿ. ಬಿಳಿ ಎಲ್‌ಇಡಿ ಫೋಕಸ್ ಹಾಕಿದರೆ ಕಬ್ಬಿನ ಗದ್ದೆಯ ಹುಳವೆಲ್ಲ ಸಾರಿನೊಳಗೆ. ಹಳದಿ ಬೆಳಕಿಗೆ ಹುಳ ಕಮ್ಮಿ ಬರುತ್ತೆ, ಮುಖಗಳೂ ಚೆನ್ನಾಗಿ ಕಾಣ್ತವೆ. ಒಂದೆರಡು ಜೋರಾದ ಬಿಳಿ ದೀಪವನ್ನ ಐವತ್ತು ಹೆಜ್ಜೆ ದೂರ, ಗದ್ದೆ ಕಡೆಗೆ ಹಾಕಿ, ಹುಳ ಅತ್ತ ಹೋಗಲಿ. ಒಳಗಿನ ಬಲ್ಬಿಗೆ ಬಂಬೂಬಜಾರಿನಿಂದ ಬಿದಿರಿನ ಬುಟ್ಟಿ ತಂದು ಕವುಚಿ ಹಾಕಿ. ಮಸಿ ಹಿಡಿದ ಮಾಡಿನ ಮೇಲೆ ಬುಟ್ಟಿಯ ನೆರಳು ಬೀಳುತ್ತಲ್ಲ, ಅದಕ್ಕಿಂತ ಒಳ್ಳೆ ಸೀಲಿಂಗ್ ನಾನು ಮಾಡಿಕೊಡಲಾರೆ. ಒಲೆಯ ಬಾಯಿ ಕಡೆ ಯಾವ ದೀಪವೂ ಬೇಡ, ಅದರ ಬೆಂಕಿಯೇ ಕಾಣಲಿ.

ಆದರೆ ಹಣತೆ, ಮೇಣದಬತ್ತಿ, ಆಕಾಶದೀಪ, ಪಟಾಕಿ ಅಂತ ಯಾರಾದ್ರೂ ಅಂದರೆ ಅವರನ್ನ ಸಮಿತಿಯಿಂದಲೇ ತೆಗೆದುಬಿಡಿ. ಒಣಗಿದ ಕಬ್ಬಿನ ಸಿಪ್ಪೆಯ ಗುಡ್ಡೆ ಪಕ್ಕದಲ್ಲೇ ಇರುತ್ತೆ. ಕಿಡಿ ಸಾಕು. ಅವತ್ತಿನ ಉರುವಲಿಗೆ ಬೇಕಾದಷ್ಟು ಬಿಟ್ಟು ಉಳಿದ ಸಿಪ್ಪೆಯನ್ನ ದೂರ ಸಾಗಿಸಿಸಿ. ನಾಲ್ಕು ಡ್ರಮ್ ನೀರು, ಮರಳಿನ ಬಕೆಟ್ಟು, ಬೆಂಕಿ ಆರಿಸೋ ಸಿಲಿಂಡರ್ ಕಣ್ಣಿಗೆ ಕಾಣೋ ಕಡೆ ಇರಲಿ. ಬೀಡಿ ಸಿಗರೇಟಿಗೆ ಕಾರು ನಿಲ್ಲಿಸಿದ ಜಾಗವೇ ಗತಿ. ಬಟ್ಟೆಗೆ ಚೆಂದ ಅಂತ ಸಿಂಥೆಟಿಕ್ ನೆಟ್ ಕಟ್ಟಿಸಬೇಡಿ, ಅದು ಉರಿಯೋದಷ್ಟೇ ಅಲ್ಲ, ಕರಗಿ ಮೈಮೇಲೆ ತೊಟ್ಟಿಕ್ಕುತ್ತೆ.

ಕರೆಂಟು. ಗಾಣದ ಮೋಟರ್ ಶುರುವಾದಾಗ ಬಲ್ಬೆಲ್ಲ ಮಂಕಾಗುತ್ತೆ, ಆದ್ದರಿಂದ ಅದರ ಲೈನು ಬೇರೆ, ನಿಮ್ಮ ಲೈನು ಬೇರೆ. ದೀಪ, ಮೈಕು, ಫ್ಯಾನು ಎಲ್ಲ ಸೇರಿ ಐದಾರು ಕಿಲೋವ್ಯಾಟ್ ದಾಟಲ್ಲ. 15 ಕೆವಿಎ ಜನರೇಟರ್ ಆರಾಮ. ವಿದ್ಯುತ್ ಕಂಪನಿ ಸೆಸ್ಕ್‌ನ ಆಫೀಸಲ್ಲಿ ತಾತ್ಕಾಲಿಕ ಸಂಪರ್ಕ ಕೇಳಬಹುದು. ಪಂಪ್‌ಸೆಟ್ಟಿನ ಕಂಬದಿಂದ ಕೊಕ್ಕೆ ಹಾಕೋ ಬುದ್ಧಿವಂತರು ಸಿಕ್ಕೇ ಸಿಗ್ತಾರೆ, ಬೇಡ ಅನ್ನಿ. ನೆಲ ಒದ್ದೆ ಇರೋ ಜಾಗ, ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಲೈನು ಕಡಿಯೋ ಸ್ವಿಚ್ಚು) ಇಲ್ಲದೆ ನಮ್ಮ ಹುಡುಗರನ್ನ ನಾನು ಕಳಿಸಲ್ಲ.

ನೆಲಕ್ಕೆ ಹಿಂದಿನ ದಿನ ಬಿಸಿನೀರು ಹೊಯ್ದು ಉಜ್ಜಿಸಿ, ಮಣ್ಣಿನ ಭಾಗ ಸಗಣಿ ಹಾಕಿ ಸಾರಿಸಿಸಿ. ಜಮಖಾನ ಹಾಸಲೇಬೇಡಿ, ಬೆಲ್ಲ ಅಂಟಿದ ಜಮಖಾನ ನಮಗೆ ವಾಪಸ್ ಕೊಟ್ಟರೆ ನಾವು ತಗೊಳ್ಳಲ್ಲ. ಸಿಹಿ ಇಡೋ ಮೇಜಿನ ಕಾಲಿಗೆ ನೀರಿನ ತಟ್ಟೆ ಇಡಿ, ಇರುವೆ ಹತ್ತಲ್ಲ. ಆಹ್ವಾನ ಪತ್ರಿಕೆಯಲ್ಲಿ "ಚಪ್ಪಟೆ ಚಪ್ಪಲಿ, ಹತ್ತಿ ಬಟ್ಟೆ, ಒಂದು ಶಾಲು" ಅಂತ ಬರೆಯಿರಿ. ರೇಷ್ಮೆ ಸೀರೆ ಉಟ್ಟು ಬಂದವರಿಗೆ ಕಬ್ಬಿನಹಾಲು ಚೆಲ್ಲಿದರೆ ಆಮೇಲೆ ನಿಮ್ಮ ಮುಖ ನೋಡಲ್ಲ.

---

ಬೆಲ್ಲದಚ್ಚು ಬರೆದದ್ದು:

ಅಕ್ಕ ಚೆನ್ನಾಗಿ ಯೋಳವ್ರೆ. ನಮ್ದೂ ಆಲೆಮನೆ ಅದೆ, ಮದ್ದೂರ್ ಕಡೆ. ಒಂದೆರಡು ಮಾತು ಸೇರುಸ್ತೀನಿ.

ನಿಮ್ ಕಾರ್ಯಕ್ರಮದ ಟೈಮು ಮೈಕ್ ಹಿಡಿದೋರು ಹೇಳ್ದಂಗೆ ಅಲ್ಲ, ಕೊಪ್ಪರಿಗೆ ಹೇಳ್ದಂಗೆ ನಡೀಬೇಕು. ಕಬ್ಬಿನಹಾಲು ಹೊಯ್ದ ಮ್ಯಾಲೆ ಪಾಕ ಇಳಿಸೋಕೆ ಎರಡೂವರೆ ಮೂರು ಗಂಟೆ ಬೇಕು. ಏಳೂವರೆಗೆ ಜನ ನೋಡ್ಬೇಕು ಅಂದ್ರೆ ನಾಲ್ಕೂವರೆಗೇ ಒಲೆ ಉರೀಬೇಕು. ಮಡ್ಡಿ ತೆಗೆಯೋದು, ಬೆಂಡೆ ಗಿಡದ ಲೋಳೆ ಹಾಕೋದು, ಸುಣ್ಣದ ನೀರು ಬುಡೋದು, ಇವೆಲ್ಲ ಜನ ಬತ್ತಿದ್ದಂಗೆ ನಡೀತಿರ್ತದೆ. ಕೊನೆಗೆ ಪಾಕ ಇಳಿಸೋದು ನೋಡಿ, ಅದು ಐದೇ ನಿಮಿಷ. ಆಗ ಭಾಷಣ ಇಟ್ಕೊಂಡಿದ್ರೆ ಯಾರೂ ಕೇಳಕಿಲ್ಲ. ಹದಕ್ಕೆ ಬಂದ ಪಾಕ ಕಾಯೋಕಿಲ್ಲ, ಮಂತ್ರಿ ಬಂದ್ರೂ ಕಾಯೋಕಿಲ್ಲ.

ಆ ಪಾಕ 118 ಡಿಗ್ರಿ ಆಸುಪಾಸು ಇರ್ತದೆ, ಮೈಗೆ ಬಿದ್ರೆ ಅಂಟ್ಕೊಂಡೇ ಸುಡ್ತದೆ. ಕೊಪ್ಪರಿಗೆ ಸುತ್ತ ಎರಡು ಮಾರು ಬುಟ್ಟು ಹಗ್ಗ ಕಟ್ಟಿ, ಹೂವಿನ ಹಾರ ಬೇಕಾದ್ರೆ ಆ ಹಗ್ಗಕ್ಕೇ ಸುತ್ತಿ. ಸೆಲ್ಫಿ ತಗೊಳೋರ್ನ ತಡೆಯೋಕೆ ಗಟ್ಟಿ ಆಳು ಇಬ್ರು ಇರ್ಲಿ. ಗಾಣದ ತಾವಂತೂ ಮಕ್ಕಳು ಸುಳೀಕೂಡದು.

ಕಬ್ಬಿನಹಾಲು ಹಿಂಡಿ ಇಟ್ಟು ಕೊಡಬ್ಯಾಡಿ, ಕಪ್ಪಾಯ್ತದೆ, ಹುಳಿ ಬತ್ತದೆ. ಬಂದೋರಿಗೆ ಬಂದಂಗೆ ಹಿಂಡಿ, ಶುಂಠಿ, ನಿಂಬೆಹುಳಿ ಹಾಕಿ, ಮಣ್ಣಿನ ಲೋಟದಲ್ಲಿ ಕೊಡಿ.

ಉಡುಗೊರೆಗೆ ಬೆಲ್ಲ ಕೊಡ್ತೀರಿ ಅನ್ಕೋತೀನಿ. ಒಂದು ಟನ್ ಕಬ್ಬಿಗೆ ನೂರು ಕೆಜಿ ಹೆಚ್ಚುಕಮ್ಮಿ ಬತ್ತದೆ, ಮನೆಗೆ ಅರ್ಧ ಕೆಜಿ ಅಂದ್ರೂ ಒಂದೇ ಕೊಪ್ಪರಿಗೇಲಿ ಮುಗೀತದೆ. ಆದ್ರೆ ಬಣ್ಣ ಬಿಳುಪು ಮಾಡೋ ಹೈಡ್ರೋಸ್ ಪುಡಿ ಹಾಕ್ಬ್ಯಾಡಿ ಅಂತ ಮೊದ್ಲೇ ಹೇಳಿ. ಹಾಕಿದ್ರೆ ಬೆಳ್ಳಗೆ ಫಳಫಳ ಅಂತದೆ, ಹಾಕ್ದೆ ಇದ್ರೆ ಕಂದು. ಕಂದೇ ಒಳ್ಳೇದು. ಮುತ್ತುಗದ ಎಲೇಲಿ ಕಟ್ಟಿ ಬಾಳೆನಾರು ಸುತ್ತಿ ಕೊಡಿ. ಹಳೆ ಮರದ ಅಚ್ಚುಮಣೆ ಅಟ್ಟದಲ್ಲಿ ಬಿದ್ದಿರ್ತವೆ, ಮೇಜಿಗೊಂದು ಇಟ್ರೆ ಮೇಜಿನ ನಂಬರ್ ಬರೆಯೋಕೂ ಆಯ್ತು.

ಕೊನೇದು. ಒಲೆ ಮುಂದೆ ಕೂತು ಸಿಪ್ಪೆ ಹಾಕೋ ಆಳು, ಪಾಕ ನೋಡೋ ಆಳು, ಅವರಿಗೆ ಅವತ್ತಿನ ಕೂಲಿ ಎರಡರಷ್ಟು ಕೊಡಿ. "ಸೇವೆ ಅಂತ ಮಾಡ್ಲಿ" ಅನ್ನಬ್ಯಾಡಿ. ಪೇಟ ಗೀಟ ಕಟ್ಟಿಸಿ ವೇಷ ಹಾಕುಸ್ಬ್ಯಾಡಿ.

---

ಕುವೆಂಪುನಗರದವಳು ಬರೆದದ್ದು:

ಎಲ್ಲರಿಗೂ ಕೈಮುಗಿದೆ. ಚಪ್ಪರದಕ್ಕನ ಉತ್ತರವನ್ನ ಹಾಗೇ ಗ್ರೂಪಿಗೆ ಹಾಕಿದೆ. ಅರಮನೆಯವರು ಸ್ವಲ್ಪ ಹೊತ್ತು ಸುಮ್ಮನಾಗಿ, ಆಮೇಲೆ "ಸರಿ, ಆದರೆ ಲಕ್ಕಿ ಡಿಪ್ ಆದ್ರೂ ಇರಲಿ, ಸ್ಕೂಟರ್ ಇಡೋಣ" ಅಂದ್ರು. ಅದು ಸರಿಯಾ? ಟಿಕೆಟ್ ತಗೊಂಡವರು ದೇಣಿಗೆಗೆ ತೆರಿಗೆ ವಿನಾಯಿತಿ ಸಿಗೋ 80ಜಿ ರಸೀದಿ ಬೇರೆ ಕೇಳ್ತಿದ್ದಾರೆ. ಊಟ ಮುದ್ದೆ, ಅವರೆಕಾಳು ಸಾರು, ಮದ್ದೂರು ವಡೆ, ಕಜ್ಜಾಯ ಅಂತ ಇಟ್ಟುಕೊಂಡಿದ್ದೀವಿ. ಬಾಡೂಟ ಇಲ್ಲದೆ ಮಂಡ್ಯದಲ್ಲಿ ಎಂಥ ಊಟ ಅಂತ ಅರ್ಧ ಜನ ಮುನಿಸು.

---

ಲೆಕ್ಕದ ಮೇಷ್ಟ್ರು ಬರೆದದ್ದು:

ಬಾಡೂಟದ ವಿಷಯ ನನಗೆ ಬಿಡಿ, ನಾನು ಎರಡೂ ಪಂಕ್ತಿಯಲ್ಲಿ ಕೂರೋನು. ದುಡ್ಡಿನ ಮಾತು ಮಾತ್ರ ಹೇಳ್ತೀನಿ.

ಲಕ್ಕಿ ಡಿಪ್ ಬಿಟ್ಟುಬಿಡಿ. ಕರ್ನಾಟಕದಲ್ಲಿ 2007ರಿಂದ ಲಾಟರಿ ಮಾರಾಟ ನಿಂತಿದೆ. ದುಡ್ಡು ಕೊಟ್ಟು ಚೀಟಿ ತಗೊಂಡು ಅದೃಷ್ಟದಿಂದ ಬಹುಮಾನ ಅಂದರೆ ಪೊಲೀಸರು ಅದನ್ನ ಯಾವ ಕಣ್ಣಿಂದ ನೋಡ್ತಾರೋ, ಒಳ್ಳೆ ಕೆಲಸಕ್ಕೆ ಆ ತಲೆನೋವು ಯಾಕೆ? ಹರಾಜು ಮಾಡಿ. ಚಪ್ಪರದಕ್ಕ ಹೇಳಿದ ಸೀರೆ, ಚನ್ನಪಟ್ಟಣದ ಮರದ ಗೊಂಬೆ, ಮೈಸೂರಿನ ಬೀಟೆಮರದ ಕುಸುರಿ ಫಲಕ. ಎಲ್ಲಕ್ಕಿಂತ ಮುಂಚೆ ಅವತ್ತು ಇಳಿಸಿದ ಮೊದಲ ಅಚ್ಚು ಬೆಲ್ಲ. ಕಣ್ಣೆದುರೇ ಆದ ವಸ್ತುವಿಗೆ ಜನ ಕೈ ಬಿಚ್ತಾರೆ.

80ಜಿ. ನಿಮ್ಮದು ಬರೀ ಗೆಳೆಯರ ಗುಂಪಾದರೆ ಆ ರಸೀದಿ ಕೊಡೋಕೆ ಬರಲ್ಲ, ಅದಕ್ಕೆ 80ಜಿ ಅನುಮೋದನೆ ಇರೋ ಟ್ರಸ್ಟೋ ಸಂಸ್ಥೆಯೋ ಬೇಕು. ಈಗ ಅಂಥದ್ದೊಂದರ ಜೊತೆ ಸೇರಿಕೊಳ್ಳಿ, ದುಡ್ಡು ಅವರ ಖಾತೆಗೇ ಹೋಗಲಿ. ಟಿಕೆಟ್ಟಿನಲ್ಲಿ ಊಟದ ಬೆಲೆ ಸೇರಿದೆಯಲ್ಲ, ಅದು ದಾನ ಅಲ್ಲ. ಹಾಗಾಗಿ ಎರಡು ಭಾಗ ಮಾಡಿ: ಊಟಕ್ಕೆ ಇಷ್ಟು, ದೇಣಿಗೆ ಇಷ್ಟು, ಬೇರೆ ಬೇರೆ ರಸೀದಿ. ನಗದಾಗಿ 2,000 ರೂಪಾಯಿ ಮೀರಿ ಕೊಟ್ಟರೆ ವಿನಾಯಿತಿ ಇಲ್ಲ, ಯುಪಿಐ ಇಲ್ಲವೇ ಚೆಕ್ಕು. ಅಕ್ಕಿ, ಬಟ್ಟೆ ಅಂತ ವಸ್ತು ಕೊಟ್ಟವರಿಗೂ ಸಿಗಲ್ಲ. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಈ ಲಾಭವೇ ಇಲ್ಲ, ಅದನ್ನ ಮೊದಲೇ ಹೇಳಿಬಿಡಿ, ಆಮೇಲೆ ಬೈಸಿಕೊಳ್ಳಬೇಡಿ.

ಮೈಕು ರಾತ್ರಿ ಹತ್ತಕ್ಕೆ ಬಂದ್. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ, ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಇಲ್ಲ. ಠಾಣೆಗೆ ಅರ್ಜಿ ಕೊಟ್ಟು ಅನುಮತಿ ತಗೊಳ್ಳಿ, ಗ್ರಾಮ ಪಂಚಾಯ್ತಿಗೂ ಒಂದು ಪತ್ರ.

---

ಚಪ್ಪರದಕ್ಕ ಬರೆದದ್ದು:

ಮೇಷ್ಟ್ರ ಮೈಕಿನ ಮಾತು ಕೇಳಿ ಒಂದು ನೆನಪಾಯ್ತು. ಡಿಜೆ ಬೇಡ. ಪೂಜಾ ಕುಣಿತದ ತಂಡ, ತಮಟೆಯವರು ನಿಮ್ಮೂರ ಸುತ್ತಲೇ ಇದ್ದಾರೆ. ಟ್ರಾಕ್ಟರಿಂದ ಇಳಿದ ಜನರನ್ನ ಬಾಗಿಲತನಕ ಅವರೇ ಕರ್ಕೊಂಡು ಬರಲಿ, ಅದಕ್ಕೆ ಮೈಕೂ ಬೇಡ. ತಮಟೆ ಹೊಡೀತಾ ಬಂದರೆ ಗದ್ದೆ ಬದುವಲ್ಲಿ ಹಾವು ಗೀವು ಇದ್ದರೂ ಪಕ್ಕಕ್ಕೆ ಸರಿಯಬಹುದು. ಆದರೂ ದಾರಿಯ ಎರಡೂ ಕಡೆ ತರಗು ಗುಡಿಸಿ ತೆಗೆಸಿರಿ. ಈಗೀಗ ಕಬ್ಬಿನ ಗದ್ದೇಲಿ ಚಿರತೆ ಮರಿ ಹಾಕೋದು ಸಾಮಾನ್ಯ ಆಗಿದೆ, ಕತ್ತಲಾದ ಮೇಲೆ ಯಾರೂ ಒಬ್ಬೊಬ್ಬರೇ ಗದ್ದೆ ಕಡೆ ಹೋಗೋದು ಬೇಡ.

ಬೆಲ್ಲದಚ್ಚು ಅಣ್ಣ ಆಳುಗಳ ಬಗ್ಗೆ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಯಾರ ಮಕ್ಕಳಿಗೆ ದುಡ್ಡು ಎತ್ತುತ್ತಿದ್ದೀರೋ ಆ ಮಕ್ಕಳನ್ನ ವೇದಿಕೆ ಮೇಲೆ ಸಾಲಾಗಿ ನಿಲ್ಲಿಸಬೇಡಿ. ಅವರ ಗುಡಿಸಲ ಫೋಟೋ ದೊಡ್ಡದು ಮಾಡಿ ನೇತುಹಾಕೋದೂ ಬೇಡ. ಅವರ ಅಪ್ಪ ಅಮ್ಮ ಕಡಿದ ಕಬ್ಬು ಬಾಗಿಲಲ್ಲೇ ನಿಂತಿರುತ್ತಲ್ಲ. ಒಂದು ಚಿಕ್ಕ ಹಲಗೆ ಹಾಕಿ: ಈ ಕಬ್ಬನ್ನು ಕಡಿದವರು ಯಾವ ಜಿಲ್ಲೆಯಿಂದ ಬಂದವರು, ಅವರ ಎಷ್ಟು ಮಕ್ಕಳಿಗೆ ಈ ವರ್ಷ ಪಾಠ ನಡೆಯುತ್ತೆ, ಒಂದು ಮಗುವಿಗೆ ತಿಂಗಳಿಗೆ ಎಷ್ಟು ಖರ್ಚು. ಅಷ್ಟೇ. ಅವರನ್ನೆಲ್ಲ ಊಟಕ್ಕೆ ಕರೀರಿ, ಅದೇ ಮೇಜಿಗೆ, ಅದೇ ಎಲೆಗೆ, ಟಿಕೆಟ್ ತಗೊಂಡವರ ನಡುವೆಯೇ. ನೂರೈವತ್ತು ಅಂದಿದ್ದೀರಿ, ನಾನು ಇನ್ನೂರು ಕುರ್ಚಿ ಅಂತ ಬರ್ಕೊಂಡಿದ್ದೀನಿ. ಹೆಚ್ಚಿನ ಐವತ್ತಕ್ಕೆ ಬಾಡಿಗೆ ಬೇಡ. ತಾರೀಖು ಖಾತ್ರಿ ಮಾಡಿ ಈ ವಾರದೊಳಗೆ ತಿಳಿಸಿ, ಬುಟ್ಟಿ ಹೆಣೆಯೋರಿಗೆ ಮುಂಗಡ ಕೊಡಬೇಕು.